ಇಬ್ಬರಿಗೆ, ಭಾನುವಾರ ಮಧ್ಯಾಹ್ನಕ್ಕೆ

ನಮ್ಮ ಸ್ಯಾಂ-ಬರ್ದೂ ಊರಿನಲ್ಲಿ ಸುಳ್ಳು ಹೇಳಬಾರದು ಅಂತ ಕಟ್ಟಳೆಯೇನೂ ಇಲ್ಲ. ತೆರಿಗೆಯವರ ಹತ್ತಿರ ಹೇಳಬಹುದು. ಡಾಕ್ಟರ ಹತ್ತಿರ ಹೇಳಬಹುದು. ಪಾದ್ರಿಯ ಹತ್ತಿರ ತಪ್ಪೊಪ್ಪಿಗೆ ಮಾಡುವಾಗಲೂ ಅಷ್ಟಿಷ್ಟು ಬಿಟ್ಟು ಹೇಳಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ, ಅವರಿಗೂ ಊಟಕ್ಕೆ ಹೊತ್ತಾಗಿರುತ್ತದೆ. ಆದರೆ ಶನಿವಾರದ ಸಂತೆಯಲ್ಲಿ ಚೀಸ್ ಮಾರುವ ಪಾಸ್ಕಲೀನಳ ಹತ್ತಿರ ಮಾತ್ರ ಸುಳ್ಳು ಹೇಳಬಾರದು. ಹೇಳಿದವನ ಪಾಡು ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಅನ್ಸೆಲ್ಮ್ ಕುರ್ತಾದನೇ ಸಾಕ್ಷಿ.

ಅನ್ಸೆಲ್ಮ್ ಪುರಸಭೆಯಲ್ಲಿ ಹುಟ್ಟು, ಸಾವು, ಮದುವೆ ಬರೆದುಕೊಳ್ಳುವ ಗುಮಾಸ್ತ. ಐವತ್ತು ದಾಟಿದ ಬ್ರಹ್ಮಚಾರಿ. ಊರಿನ ಅರ್ಧ ಜನರ ಮದುವೆ ಅವನ ಕೈಬರಹದಲ್ಲಿದೆ, ತನ್ನದನ್ನು ಬರೆದುಕೊಳ್ಳುವ ಪ್ರಸಂಗ ಮಾತ್ರ ಬಂದಿರಲಿಲ್ಲ. ಬರಲಿಲ್ಲವಲ್ಲ ಅಂತ ಅವನಿಗೆ ಕೊರಗೂ ಇರಲಿಲ್ಲ, ಏಕೆಂದರೆ ಅಕ್ಕ ಲಿಯೊಂತೀನ್ ಹೊತ್ತು ಹೊತ್ತಿಗೆ ಬೇಯಿಸಿ ಹಾಕುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಆ ಅಕ್ಕ, ಯಾರೂ ಊಹಿಸದ ವಯಸ್ಸಿನಲ್ಲಿ, ಬಾತುಕೋಳಿ ಸಾಕುವ ವಿಧುರನೊಬ್ಬನನ್ನು ಮದುವೆಯಾಗಿ ನದಿಯಾಚೆ ಹೊರಟುಹೋದಳು. ಆ ಮದುವೆಗೆ ಮೊಹರು ಒತ್ತಿದವನೂ ಅನ್ಸೆಲ್ಮನೇ. ತನ್ನ ಊಟಕ್ಕೆ ತಾನೇ ಮೊಹರು ಒತ್ತಿಕೊಂಡೆ ಅಂತ ಆಮೇಲೆ ಅವನಿಗೆ ಹೊಳೆಯಿತು.

ಅಂದಿನಿಂದ ಅವನು ಬದುಕಿದ್ದು ಡಬ್ಬಿಗಳ ಮೇಲೆ. ಬೀನ್ಸ್ ಡಬ್ಬಿ, ಸಾರ್ಡೀನ್ ಮೀನಿನ ಡಬ್ಬಿ, ಹಬ್ಬ ಬಂದರೆ ಎರಡೂ. ಖಾಲಿ ಡಬ್ಬಿಗಳನ್ನು ಪತ್ರಿಕೆಯಲ್ಲಿ ಸುತ್ತಿ, ಕತ್ತಲಾದ ಮೇಲೆ ಆಚೆ ಬೀದಿಯ ಕಸದ ತೊಟ್ಟಿಗೆ ಹಾಕಿ ಬರುತ್ತಿದ್ದ. ಕೊಲೆ ಮಾಡಿದವನೂ ಅಷ್ಟು ಹುಷಾರಾಗಿ ನಡೆದುಕೊಳ್ಳಲಾರ. ಯಾರಾದರೂ "ಏನು ಅಡುಗೆ ಮಾಡ್ಕೊಂಡ್ರಿ ಕುರ್ತಾದ್ ಅವರೇ?" ಅಂತ ಕೇಳಿದರೆ, ಕಣ್ಣು ಅರ್ಧ ಮುಚ್ಚಿ, "ಏನಿಲ್ಲ, ಸರಳವಾಗಿ. ಸಂತೆಯಲ್ಲಿ ತಾಜಾ ಏನು ಸಿಕ್ತೋ ಅದು, ಒಂಚೂರು ಬೆಣ್ಣೆ" ಅನ್ನುತ್ತಿದ್ದ. ಕೇಳಿದವರ ಬಾಯಲ್ಲಿ ನೀರೂರುತ್ತಿತ್ತು.

ಈ ಬಡಿವಾರವೆಲ್ಲ ಯಾರ ಕಿವಿಗೆ ಬೀಳಲಿ ಅಂತ? ಅಂಚೆ ಕಚೇರಿಯ ಮಾದಾಂ ಎರ್ಮಾನ್ಸ್ ವಿದಾಲು ಅವರ ಕಿವಿಗೆ. ಆಕೆ ನಮ್ಮೂರಿನ ಪೋಸ್ಟ್ ಮಾಸ್ಟರು, ವಿಧವೆ, ನೆಟ್ಟಗೆ ನಿಲ್ಲುವ ಹೆಂಗಸು. ಅನ್ಸೆಲ್ಮ್ ದಿನಕ್ಕೊಂದು ಅಂಚೆಚೀಟಿ ಕೊಳ್ಳುತ್ತಿದ್ದ. ಬರೆಯುವುದಕ್ಕೆ ಅವನಿಗೆ ಯಾರೂ ಇರಲಿಲ್ಲ. ಆಕೆ ತಲೆಯೆತ್ತಿ "ಇಷ್ಟೇನಾ?" ಅನ್ನುವುದನ್ನು ಕೇಳುವುದಕ್ಕೆ ಕೊಳ್ಳುತ್ತಿದ್ದ. ಪ್ರೀತಿ ಅನ್ನಿ, ಇನ್ನೇನೆಂದರೂ ಅನ್ನಿ, ಅವನಿಗೆ ಆ ಒಂದು ಮಾತಿಲ್ಲದ ದಿನ ದಿನವೇ ಅಲ್ಲ. ತೊಂದರೆ ಏನೆಂದರೆ ಮಾದಾಂ ವಿದಾಲು ಅವರಿಗೆ ಸುಳ್ಳುಗಾರರನ್ನು ಕಂಡರಾಗದು. ಹಿಂದೊಮ್ಮೆ ನಮ್ಮ ವಕೀಲರೊಬ್ಬರು ಪಾರ್ಸಲ್ಲಿನಲ್ಲಿ ಪುಸ್ತಕ ಇದೆ ಅಂದರು, ಅದರಿಂದ ಸಾಸೇಜಿನ ಕೊಬ್ಬು ಸೋರಿತು. ಅವತ್ತಿನಿಂದ ಆಕೆ ಆ ಮಹಾಶಯರ ಮುಖ ನೋಡಿ ಒಂದು ನಮಸ್ಕಾರ ಹೇಳಿಲ್ಲ.

ಈಗ ಸಂತೆಗೆ ಬರೋಣ. ಮೇ ತಿಂಗಳು ಮುಗಿಯುತ್ತಾ ಬಂದಿತ್ತು. ಪಾಸ್ಕಲೀನಳ ಹತ್ತಿರ ಚೀಸ್ ಕೊಳ್ಳುವುದೆಂದರೆ ದುಡ್ಡು ಕೊಟ್ಟು ತರುವುದಲ್ಲ, ವಿಚಾರಣೆಗೆ ನಿಲ್ಲುವುದು. ಯಾವತ್ತು ತಿನ್ನುತ್ತೀರಿ, ಮಧ್ಯಾಹ್ನಕ್ಕೋ ರಾತ್ರಿಗೋ, ಎಷ್ಟು ಜನ? ಎಲ್ಲ ಕೇಳಿ, ಹೆಬ್ಬೆರಳಿನಿಂದ ಒಂದೊಂದನ್ನೂ ಒತ್ತಿ ನೋಡಿ, ಆ ಹೊತ್ತಿಗೆ ಸರಿಯಾಗಿ ಹದಕ್ಕೆ ಬರುವುದನ್ನೇ ಕೊಡುತ್ತಾಳೆ. ಮಧ್ಯಾಹ್ನದ್ದನ್ನು ರಾತ್ರಿ ತಿಂದಿರೆಂದು ಗೊತ್ತಾದರೆ ಮುಂದಿನ ವಾರ ನಿಮಗೆ ಚೀಸೂ ಇಲ್ಲ, ಮುಖವೂ ಇಲ್ಲ. ಹಲಗೆಯ ತುದಿಯಲ್ಲಿ ಒಂಟಿ ಜನಕ್ಕೆಂದು ಕುಳ್ಳಗಿನ, ಸೊರಗಿದ ಕೆಲವು ಆಡಿನ ಹಾಲಿನ ಚೀಸುಗಳಿರುತ್ತವೆ. ಚಳಿಗಾಲದಿಂದ ಅನ್ಸೆಲ್ಮ್ ಒಯ್ಯುತ್ತಿದ್ದದ್ದು ಅದನ್ನೇ. ಅವತ್ತು ಅವನು ಬಾಯಿ ತೆರೆಯುವ ಮೊದಲೇ ಪಾಸ್ಕಲೀನಳ ಕೈ ಆ ಸೊರಗಿದ್ದರ ಕಡೆ ಹೋಯಿತು. ಹೋಗುವಾಗ ಅವಳು ಒಂದು ಸಣ್ಣ ನಿಟ್ಟುಸಿರನ್ನೂ ಬಿಟ್ಟಳು. ಹಿಂದೆ ಸಾಲಿನಲ್ಲಿ ಬುಟ್ಟಿ ಹಿಡಿದು ನಿಂತ ಹೆಂಗಸರೆಲ್ಲ ಅದನ್ನು ಕೇಳಿಸಿಕೊಂಡರು. ಅನ್ಸೆಲ್ಮನಿಗೆ ರೋಷ ಉಕ್ಕಿತು.

"ಅದಲ್ಲ. ಭಾನುವಾರ ಮಧ್ಯಾಹ್ನಕ್ಕೆ ಬೇಕು. ಇಬ್ಬರಿಗೆ" ಅಂದುಬಿಟ್ಟ.

ಸಾಲು ಗಪ್‌ಚಿಪ್ ಆಯಿತು. ಆಚೆ ಮೂಲಂಗಿ ಮಾರುವವನೂ ಕೂಗುವುದನ್ನು ನಿಲ್ಲಿಸಿದ.

ನಮ್ಮ ಊರಿನ ಮರ್ಯಾದೆ ದೊಡ್ಡದು. "ಇನ್ನೊಬ್ಬರು ಯಾರು?" ಅಂತ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಬೇರೆ ಎಲ್ಲವನ್ನೂ ಕೇಳುತ್ತಾರೆ.

"ಬರೋವರಿಗೆ ಹಲ್ಲು ಗಟ್ಟಿ ಇದ್ಯಾ?" ಪಾಸ್ಕಲೀನ್ ಚೀಸ್ ಒತ್ತುತ್ತಾ ಕೇಳಿದಳು. "ಯಾಕಂದ್ರೆ ಚೀಸಿನ ಮೇಲಿನ ಸಿಪ್ಪೆ ನೋಡಿ ಕೊಡ್ಬೇಕು."

"ಇದೆ" ಅಂದ ಅನ್ಸೆಲ್ಮ್.

"ಹಾಗಾದ್ರೆ ಅವನ ಸೋದರತ್ತೆ ಅಲ್ಲ" ಅಂತ ಹಿಂದಿನಿಂದ ಒಂದು ಪಿಸುಮಾತು.

"ರೈಲಲ್ಲಿ ಬರ್ತಾರೋ, ನಡ್ಕೊಂಡ್ ಬರ್ತಾರೋ?" ಇದನ್ನು ಕೇಳಿದ್ದು ಅವನ ಮನೆಯ ಕೆಳಗಿನ ಅಂತಸ್ತಿನ ಮುದುಕಿ ಸೊಲಾಂಜ್. "ರೈಲಾದ್ರೆ ಹಸಿವು ಜಾಸ್ತಿ, ಅದಕ್ಕೆ ಕೇಳ್ದೆ ಕಣಪ್ಪ."

"ನಡ್ಕೊಂಡು" ಅಂದ. ಇಲ್ಲದ ಮನುಷ್ಯ ರೈಲಿನಲ್ಲಿ ಬಂದರೂ ಒಂದೇ, ನಡೆದು ಬಂದರೂ ಒಂದೇ ಅಂತ ಅವನ ಲೆಕ್ಕ. ಆದರೆ ನಡೆದು ಬರುವವರು ಊರಿನವರೇ ಆಗಿರಬೇಕು ಎನ್ನುವುದು ಅವನ ಮಂಡೆಗೆ ಹೊಳೆಯಲಿಲ್ಲ.

"ರುಚಿ ವಿಷಯದಲ್ಲಿ ಕಟ್ಟುನಿಟ್ಟಾ?" ಮತ್ತೆ ಪಾಸ್ಕಲೀನ್.

ಅನ್ಸೆಲ್ಮ್ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾ ಕಣ್ಣೆತ್ತಿದ. ಎದುರಿಗೆ ಇದ್ದದ್ದು ಅಂಚೆ ಕಚೇರಿಯ ಹಳದಿ ಹಲಗೆ. "ತುಂಬಾ" ಅಂದ.

ಸಾಲಿನಲ್ಲಿದ್ದ ಅಷ್ಟೂ ತಲೆಗಳು ಅವನ ಕಣ್ಣು ಹೋದ ಕಡೆಗೇ ತಿರುಗಿದವು. ಆಮೇಲೆ ಎಲ್ಲರೂ ತಮ್ಮ ತಮ್ಮ ಬುಟ್ಟಿಯೊಳಗೆ ನೋಡಿಕೊಂಡು ಮುಗುಳ್ನಕ್ಕರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲಿ ಬಡಪಾಯಿ ಮಾತನ್ನೂ ಆಡಲಿಲ್ಲ, ಬರೀ ನೋಡಿದ, ಅಷ್ಟಕ್ಕೇ ಹೋಯಿತು.

ಚೀಸ್ ಕೈಗೆ ಬಂತು. ಬರೀ ಚೀಸ್ ಇಟ್ಟುಕೊಂಡು ಮಹಿಳೆಯನ್ನು ಊಟಕ್ಕೆ ಕರೆಯುವುದುಂಟೇ? ಸಂತೆ ಅವನನ್ನು ಕೈಯಿಂದ ಕೈಗೆ ದಾಟಿಸಿತು. ತರಕಾರಿಯವಳು ಎಳೆ ಕ್ಯಾರೆಟ್, ಟರ್ನಿಪ್ ಗಡ್ಡೆ, ಸಿಪ್ಪೆ ಬಿಡಿಸದ ಹಸಿ ಬಟಾಣಿ ಸುರಿದಳು. ಮೂಲಂಗಿಯವನು ಒಂದು ಕಟ್ಟು ಕೆಂಪು ಮೂಲಂಗಿ ಬಿಟ್ಟಿಯಾಗಿ ತುರುಕಿದ. ಕೊನೆಗೆ ನಮ್ಮ ಮೇಯರ್ ಎವಾರಿಸ್ತ್ ದುಮೊಂತೆ ತಮ್ಮ ಅಂಗಡಿಯಿಂದಲೇ ಚಪ್ಪಾಳೆ ತಟ್ಟಿ ಕರೆದರು. ಮದುವೆಯ ದಿನ ಅವರು ಎದೆಗೆ ಮೂರು ಬಣ್ಣದ ಪಟ್ಟಿ ಕಟ್ಟುತ್ತಾರೆ, ಮಿಕ್ಕ ದಿನ ಸೊಂಟಕ್ಕೆ ಕಟುಕರ ಏಪ್ರನ್ ಕಟ್ಟುತ್ತಾರೆ. ಊರನ್ನು ಆಳುವುದೂ ಅವರೇ, ಊರಿಗೆ ಮಾಂಸ ಕಡಿದು ಕೊಡುವುದೂ ಅವರೇ.

"ಬಾರಯ್ಯ ಕುರ್ತಾದ್! ಕುರಿಮರಿಯ ಭುಜ ತಗೊ. ಕ್ಯಾರೆಟ್, ಟರ್ನಿಪ್, ಬಟಾಣಿ ಆಗ್ಲೇ ಇದೆ. ಎಲ್ಲ ಒಂದೇ ಪಾತ್ರೆಗೆ ಹಾಕಿದ್ರೆ ನವಾರಾಂ ಆಯ್ತು. ಬಹಳ ಸರಳ! ನೀನೇ ಯಾವಾಗ್ಲೂ ಹೇಳ್ತಿರ್ತೀಯಲ್ಲ."

"ಹೌದು, ಬಹಳ ಸರಳ" ಅಂದ ಅನ್ಸೆಲ್ಮ್. ಎರಡೂ ಕೈಯಲ್ಲಿ ಬುಟ್ಟಿ ಭಾರವಾಗಿ ಅವನು ಇಂಗು ತಿಂದ ಮಂಗನ ಹಾಗೆ ನಿಂತಿದ್ದ.

ಆದರೂ ಅವನು ಧೈರ್ಯ ತಂದುಕೊಂಡ. ಹೇಗೂ ಯಾರೂ ಬರುವುದಿಲ್ಲವಲ್ಲ? ಬುಟ್ಟಿಗಳನ್ನು ಮನೆಯಲ್ಲಿಟ್ಟು, ಬಾಗಿಲು ಹಾಕಿಕೊಂಡು, ಭಾನುವಾರ ಒಂದು ಡಬ್ಬಿ ಬೀನ್ಸ್ ತೆರೆದರೆ ಕಥೆ ಮುಗಿಯಿತು. ಅಷ್ಟಂದುಕೊಂಡು ಅವತ್ತಿನ ಅಂಚೆಚೀಟಿ ಕೊಳ್ಳಲು ಹೋದ.

ಅಂಚೆ ಕಚೇರಿಯಲ್ಲಿ ಎಂದಿಗಿಂತ ಜಾಸ್ತಿ ಜನ. ಯಾರ ಕೈಯಲ್ಲೂ ಕಾಗದವಿಲ್ಲ. ಮಾದಾಂ ವಿದಾಲು ಚೀಟಿಯನ್ನು ಹರಿದು ಮುಂದಿಟ್ಟರು. "ಇಷ್ಟೇನಾ?" ಅನ್ನಲಿಲ್ಲ. ಕನ್ನಡಕದ ಮೇಲಿಂದ ಅವನನ್ನೇ ನೋಡಿದರು.

"ಮೊಸ್ಯು ಕುರ್ತಾದ್, ನಾಳೆ ನಿಮ್ಮನೇಲಿ ನಾನು ಏನು ಊಟ ಮಾಡ್ತೀನಿ ಅಂತ ಬೆಳಿಗ್ಗೆಯಿಂದ ಇಡೀ ಊರು ನಂಗೆ ಹೇಳ್ತಿದೆ. ಕುರಿಮರಿಯಂತೆ, ಎಳೆ ಬಟಾಣಿಯಂತೆ. ಚೀಸಿಗೆ ಸಿಪ್ಪೆ ಗಟ್ಟಿಯಂತೆ. ಹೇಳದೇ ಇರೋರು ನೀವೊಬ್ರೇ."

ಇಲ್ಲ ಮಾದಾಂ, ಅದು ತಪ್ಪು ತಿಳುವಳಿಕೆ ಅನ್ನಬೇಕು. ಅನ್ನಲೆಂದೇ ಅನ್ಸೆಲ್ಮ್ ಬಾಯಿ ತೆರೆದ. ಆದರೆ ಆ ಮುಖ ಅಷ್ಟು ಹತ್ತಿರದಲ್ಲಿ, ಅಷ್ಟು ಕುತೂಹಲದಲ್ಲಿ ಅವನನ್ನು ಎಂದೂ ನೋಡಿರಲಿಲ್ಲ. ಬಾಯಿಂದ ಹೊರಬಿದ್ದದ್ದು, "ಹನ್ನೆರಡೂವರೆಗೆ" ಅಂತ.

"ನಾನು ಹನ್ನೆರಡಕ್ಕೇ ಊಟ ಮಾಡೋದು."

"ಹನ್ನೆರಡಕ್ಕೇ ಬನ್ನಿ."

"ಭಾನುವಾರ ನಿಮ್ಮ ತಮ್ಮ ಬರ್ತಾರಲ್ಲ ಮಾದಾಂ?" ಕಾಗದವಿಲ್ಲದೆ ನಿಂತಿದ್ದ ಒಬ್ಬಳು ತಡೆಯಲಾರದೆ ಕೇಳಿದಳು. ಪ್ರತಿ ಭಾನುವಾರ ಪೇಟೆಯಿಂದ ಮಾದಾಂ ಅವರ ತಮ್ಮ ಊಟಕ್ಕೆ ಬರುತ್ತಾನೆನ್ನುವುದು ಊರಿಗೆಲ್ಲ ಗೊತ್ತಿದ್ದ ವಿಷಯ.

"ಈ ವಾರ ಅವನು ಉಪವಾಸ ಇರ್ಲಿ" ಅಂದರು ಮಾದಾಂ, ಮತ್ತೆ ಅನ್ಸೆಲ್ಮನ ಕಡೆ ತಿರುಗಿದರು. "ಆಡಂಬರ ಬೇಡ. ನೀವು ಅಡುಗೆ ಮಾಡೋದನ್ನ ಹೊಗಳಿ ಹೊಗಳಿ ಹೇಳ್ಕೊಳ್ತೀರಿ ಅಂತ ಕೇಳಿದೀನಿ. ಅದು ನಿಜವಾ ಅಂತ ನೋಡ್ಬೇಕು ನಂಗೆ."

ಅನ್ಸೆಲ್ಮ್ ಹೊರಗೆ ಬಂದ. ನಾಳೆ ಮಧ್ಯಾಹ್ನ ಪಾತ್ರೆಯಲ್ಲಿ ನವಾರಾಂ ಇದ್ದರೆ ಅವನು ಮನುಷ್ಯ. ಇಲ್ಲದಿದ್ದರೆ ಸಾಸೇಜಿನ ವಕೀಲರ ಪಕ್ಕದಲ್ಲಿ ಅವನಿಗೂ ಒಂದು ಜಾಗ, ಜೀವನ ಪೂರ್ತಿ. ಸೀದಾ ಕಾಫಿ ಅಂಗಡಿಗೆ ಹೋಗಿ ಅಕ್ಕನಿಗೆ ಫೋನು ಮಾಡಿದ.

"ಅಕ್ಕಾ, ನವಾರಾಂ ಹೇಗೆ ಮಾಡೋದು?"

"ಯಾಕೋ? ಯಾರ್ ಸತ್ತೋದ್ರು?"

"ಯಾರೂ ಸತ್ತಿಲ್ಲ. ಹೇಗೆ ಮಾಡೋದು ಹೇಳು."

"ಅದ್ರಲ್ಲೇನಿದ್ಯೋ, ಬಹಳ ಸರಳ. ಮಾಂಸ ಹಾಕು, ಬೇಕಾದಷ್ಟು. ನೀರು ಹಾಕು, ಹಿಡಿಸಿದಷ್ಟು. ತರಕಾರಿ ಹಾಕು, ಯಾವಾಗ್ ಹಾಕ್ಬೇಕೋ ಆವಾಗ. ಆದ್ಮೇಲೆ ಇಳಿಸು."

"ಎಷ್ಟು ಹೊತ್ತು ಬೇಯಿಸ್ಬೇಕು?"

"ಬೇಯೋವರೆಗೂ ಕಣೋ! ಇಷ್ಟು ವರ್ಷ ನನ್ನ ಕೈಯಲ್ಲಿ ತಿಂದಿದೀಯ, ಇದೂ ಗೊತ್ತಿಲ್ವಾ?" ಅಂತ ಲಿಯೊಂತೀನ್ ಬಾತುಕೋಳಿಗಳನ್ನು ಬೈಯುತ್ತಾ ಫೋನು ಇಟ್ಟಳು. ಅಡುಗೆಯ ರಹಸ್ಯವನ್ನು ಇಷ್ಟು ಧಾರಾಳವಾಗಿ ಯಾರೂ ಯಾರಿಗೂ ಕೊಟ್ಟಿರಲಿಕ್ಕಿಲ್ಲ.

ಭಾನುವಾರ ಬೆಳಿಗ್ಗೆ ಅನ್ಸೆಲ್ಮ್ ಅಕ್ಕನ ಹಳೆಯ ಏಪ್ರನ್ ಕಟ್ಟಿಕೊಂಡು ರಣರಂಗಕ್ಕೆ ಇಳಿದ. ದೊಡ್ಡ ಪಾತ್ರೆಯಲ್ಲಿ ತಣ್ಣೀರು ತುಂಬಿ, ಕುರಿಮರಿಯ ಮಾಂಸವನ್ನು ಅದರಲ್ಲಿ ಮುಳುಗಿಸಿ ಒಲೆ ಹಚ್ಚಿದ. ಹಚ್ಚಿ ಇನ್ನೂ ಕೈ ಒರೆಸಿಕೊಂಡಿರಲಿಲ್ಲ, ಬಾಗಿಲು ಬಡಿಯಿತು. ಮೇಯರ್ ದುಮೊಂತೆ. ಅಂಗಡಿಯನ್ನು ಹೆಂಡತಿಗೆ ಬಿಟ್ಟು, "ನನ್ನ ಮಾಂಸ ಹೇಗಿದೆ ನೋಡಿ ಹೋಗೋಣ ಅಂತ" ಬಂದಿದ್ದರು. ಪಾತ್ರೆಯೊಳಗೆ ಇಣುಕಿದವರೇ ಎದೆ ಹಿಡಿದುಕೊಂಡರು.

"ತಣ್ಣೀರಲ್ಲಾ? ಬೆಣ್ಣೇಲಿ ಕೆಂಪಗೆ ಹುರೀದೆ ಸೀದಾ ತಣ್ಣೀರಲ್ಲಾ? ಆ ಮರಿ ನಿಂಗೇನ್ ಅನ್ಯಾಯ ಮಾಡಿತ್ತಯ್ಯ?"

"ಇದು ಇನ್ನೊಂದು ಪದ್ಧತಿ" ಅಂದ ಅನ್ಸೆಲ್ಮ್ ಮೆಲ್ಲಗೆ.

"ಇದು ಪದ್ಧತಿ ಅಲ್ಲ, ಅಪರಾಧ. ನಾನು ಮೇಯರಾಗಿರೋವರೆಗೂ ಈ ಊರಲ್ಲಿ ಇದು ನಡಿಯಲ್ಲ." ಮಾಂಸವನ್ನೆಲ್ಲ ಸೋಸಿ, ಬಟ್ಟೆಯಲ್ಲಿ ಒರೆಸಿ, ಮಗುವನ್ನೆತ್ತಿಕೊಂಡ ಹಾಗೆ ಎದೆಗವಚಿಕೊಂಡರು. "ನನ್ನ ಕಬ್ಬಿಣದ ಪಾತ್ರೇಲಿ ಹುರಿದು ತಂದ್ಕೊಡ್ತೀನಿ. ಅರ್ಧ ಗಂಟೆ!" ಅನ್ನುತ್ತಾ ಮೆಟ್ಟಿಲಿಳಿದರು.

ಮೆಟ್ಟಿಲಲ್ಲಿ ಅವರಿಗೆ ಎದುರಾದವಳು ಸೊಲಾಂಜ್. ಬಟಾಣಿ ಬಿಡಿಸಿಕೊಡಲು ಬಂದಿದ್ದಳು. ಬಿಡಿಸಿದಳು ಕೂಡ. ಬಿಡಿಸುತ್ತಾ ಬಿಡಿಸುತ್ತಾ ಅವಳ ಮುಖ ಗಂಟಿಕ್ಕಿತು.

"ಇಷ್ಟು ಎಳೇ ಬಟಾಣಿನ ಕುರಿ ಜೊತೆ ಬೇಯಿಸ್ತೀಯಾ? ಹೃದಯ ಅನ್ನೋದಿದ್ಯಾ ನಿಂಗೆ? ಇದನ್ನ ಲೆಟ್ಯೂಸ್ ಎಲೆ ಹಾಸಿ, ಬೆಣ್ಣೇಲಿ, ನೀರೇ ಹಾಕದೆ ಬಾಡಿಸ್ಬೇಕು ಕಣಪ್ಪ. ನನ್ನ ಒಲೇಲಿ ಮಾಡ್ತೀನಿ ತಾಳು. ಮಾದಾಂ ಬರೋ ಹೊತ್ತಿಗೆ ಬಿಸಿಬಿಸಿ ತಂದ್ಕೊಡ್ತೀನಿ." ಬಟಾಣಿ ಹೋಯಿತು. ಅದರ ಹಿಂದೆಯೇ ಕ್ಯಾರೆಟ್ಟೂ ಹೋಯಿತು, ಏಕೆಂದರೆ ಅವನು ಅದನ್ನು ಹೆಚ್ಚಿದ ರೀತಿ ನೋಡಿ ಅವಳಿಗೆ ಕಣ್ಣಲ್ಲಿ ನೀರು ಬಂದಿತ್ತು.

ಇನ್ನು ಉಳಿದದ್ದು ಟರ್ನಿಪ್. ಬೆಳಗಿನ ಪೂಜೆ ಮುಗಿಸಿ ದೊಡ್ಡ ಪೂಜೆಗೆ ಹೋಗುವ ನಡುವೆ ಪಾದ್ರಿ ಲಾಮೊತ್ ಬಂದರು. ಮನೆಗೆ ಆಶೀರ್ವಾದ ಮಾಡಿದರು, ಕುರ್ಚಿಗಳನ್ನು ಎಣಿಸಿದರು, ಆಮೇಲೆ ಟರ್ನಿಪ್ ಕಂಡು ಮೆಟ್ಟಿಬಿದ್ದರು.

"ಮಗನೇ, ಯುದ್ಧದ ಕಾಲದಲ್ಲಿ ನಾವು ತಿಂದದ್ದು ಇದನ್ನೇ, ಇದರ ದಾಯಾದಿಯನ್ನೇ. ಬೆಳಿಗ್ಗೆ ಇದು, ಸಂಜೆ ಇದು. ದೇವರು ಎಲ್ಲಾ ಪಾಪಾನೂ ಕ್ಷಮಿಸ್ತಾನೆ, ಹೆಣ್ಣುಮಗಳಿಗೆ ಟರ್ನಿಪ್ ಬಡಿಸೋದನ್ನ ಮಾತ್ರ ಕ್ಷಮಿಸ್ತಾನೋ ಇಲ್ವೋ ಗೊತ್ತಿಲ್ಲ."

"ಆದ್ರೆ ಇದು ಎಳೇದು ಸ್ವಾಮಿ..."

"ಯುದ್ಧಾನೂ ಶುರುವಾದಾಗ ಎಳೇದಾಗೇ ಇತ್ತು. ಕೊಡು ಇಲ್ಲಿ. ಇದು ನನ್ನ ಮೊಲಗಳಿಗೆ. ನಿಂಗೆ ನನ್ನ ತೋಟದ ಶತಾವರಿ ಚಿಗುರು ಕಿತ್ತು ತರ್ತೀನಿ, ಪೂಜೆ ಮುಗಿದ ತಕ್ಷಣ." ನಿಲುವಂಗಿಯ ಜೇಬಿನಲ್ಲಿ ಟರ್ನಿಪ್ ತುಂಬಿಕೊಂಡು ಅವರೂ ಹೋದರು.

ಹತ್ತು ಮಂದಿಯಲ್ಲಿ ಹಾವು ಸಾಯುವುದಿಲ್ಲ ಅನ್ನುತ್ತಾರೆ. ನವಾರಾಂ ಕೂಡ ಬೇಯುವುದಿಲ್ಲ. ಅನ್ಸೆಲ್ಮ್ ಗಡಿಯಾರ ನೋಡುತ್ತಾ ಕೂತ. ಮೇಯರರ ಅರ್ಧ ಗಂಟೆ ಒಂದಾಯಿತು, ಎರಡಾಯಿತು. ಕಿಟಕಿಯಿಂದ ಇಣುಕಿದರೆ ಕೆಳಗಿನ ಒಲೆಯಿಂದ ಬಟಾಣಿಯ ಘಮ ಬರುತ್ತಿತ್ತು, ಬಟಾಣಿ ಬರುತ್ತಿರಲಿಲ್ಲ. ಕೆಳಗಿಳಿದು ಬಾಗಿಲು ತಟ್ಟಿದರೆ ಸೊಲಾಂಜ್ ಒಳಗಿನಿಂದಲೇ, "ಇನ್ನೂ ಆಗಿಲ್ಲ ಕಣಪ್ಪ, ಅವಸರ ಮಾಡ್ಬೇಡ!" ಅಂದಳು. ದೊಡ್ಡ ಪೂಜೆಯೂ ಮುಗಿಯಿತು, ಗಂಟೆಯೂ ಹೊಡೆಯಿತು, ಪಾದ್ರಿಗಳ ಸುಳಿವಿಲ್ಲ. ಮೇಜಿನ ಮೇಲೆ ಇದ್ದದ್ದು ಮೂಲಂಗಿ, ಬ್ರೆಡ್ಡು, ಬೆಣ್ಣೆ, ಚೀಸು, ಕೆಲವು ಮೊಟ್ಟೆ, ಈರುಳ್ಳಿಯ ಎಳೆ ಸೊಪ್ಪು ಒಂದು ಹಿಡಿ. ಒಲೆಯ ಮೇಲೆ ಕುದಿಯುತ್ತಿದ್ದದ್ದು ಬರೀ ನೀರು. ಅಪ್ಪಟ ಸರಳ ಅಡುಗೆ.

ಸರಿಯಾಗಿ ಹನ್ನೆರಡಕ್ಕೆ ಬೀದಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಮಾದಾಂ ವಿದಾಲು ಟೋಪಿ ಹಾಕಿಕೊಂಡು, ದಾರ ಕಟ್ಟಿದ ಕೇಕಿನ ಡಬ್ಬವನ್ನು ಬೆರಳಿಗೆ ನೇತುಹಾಕಿಕೊಂಡು, ಯಾವ ಕಿಟಕಿಯನ್ನೂ ನೋಡದೆ ನಡೆದು ಬಂದರು. ಮೆಟ್ಟಿಲು ಹತ್ತಿದರು. ಸೀದಾ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ಎತ್ತಿ ನೋಡಿದರು.

"ಇದು ನೀರು" ಅಂದರು.

"ಹೌದು ಮಾದಾಂ."

"ಕುರಿಮರಿ ಎಲ್ಲಿ?"

"ಮೇಯರ್ ಮನೇಲಿ."

"ಬಟಾಣಿ?"

"ಕೆಳಗಡೆ, ಸೊಲಾಂಜ್ ಅವರ ಹತ್ರ. ಕ್ಯಾರೆಟ್ಟೂ ಅಲ್ಲೇ."

"ಟರ್ನಿಪ್?"

"ಪಾದ್ರಿಗಳ ಮೊಲಗಳ ಹತ್ರ."

ಮಾದಾಂ ಮುಚ್ಚಳವನ್ನು ಮೆಲ್ಲಗೆ ಇಟ್ಟರು. "ಮೂರು ಜನಾನೂ ವಾಪಸ್ ತರ್ತೀನಿ ಅಂದ್ರಾ?"

"ಅಂದ್ರು."

"ಅಂದೇ ಅಂತಾರೆ. ಊಟದ ಹೊತ್ತಲ್ಲಿ ಕರೀದೇ ಯಾರ ಮನೆಗೂ ಹೋಗೋ ಹಾಗಿಲ್ಲ. ಪಾತ್ರೆ ವಾಪಸ್ ಕೊಡೋಕೆ ಹೋಗ್ಬಹುದು. ಅವರು ತಗೊಂಡು ಹೋಗಿದ್ದು ತರಕಾರಿ ಅಲ್ಲ ಕುರ್ತಾದ್ ಅವರೇ, ಒಳಗೆ ಬರೋಕೆ ಟಿಕೆಟ್ಟು." ಆಕೆ ಕುರ್ಚಿಯ ಮೇಲೆ ಕೂತರು, ಟೋಪಿ ತೆಗೆಯಲಿಲ್ಲ. "ಇರ್ಲಿ. ನಂಗೆ ಬೇರೆ ಒಂದು ವಿಷಯ ಗೊತ್ತಾಗ್ಬೇಕು. ನಿನ್ನೆ ಅಂಚೆ ಕಚೇರಿಗೆ ಬಂದಾಗ ನೀವು ಇಂಗು ತಿಂದೋರ ಹಾಗಿದ್ರಿ. ನನ್ನ ಕರೆದೋರ ಮುಖ ಅಲ್ಲ ಅದು. ಪಾಸ್ಕಲೀನ್ ಹತ್ರ ಇಬ್ಬರಿಗೆ ಅಂದ್ರಲ್ಲ, ಆ ಎರಡನೇವ್ರು ಯಾರು?"

ಅನ್ಸೆಲ್ಮ್ ಏಪ್ರನ್ನಿನ ತುದಿ ತಿರುಚಿದ. ಚಿಕ್ಕಮ್ಮನ ಮಗಳು ಅನ್ನಬಹುದಿತ್ತು. ಹಳೆಯ ಗೆಳೆಯ ಅನ್ನಬಹುದಿತ್ತು. ಆದರೆ ಆ ಕಣ್ಣಿನ ಮುಂದೆ ಇನ್ನೊಂದು ಸುಳ್ಳನ್ನು ಹೊರಲು ಅವನಲ್ಲಿ ಬಲ ಉಳಿದಿರಲಿಲ್ಲ.

"ಯಾರೂ ಇಲ್ಲ ಮಾದಾಂ. ಒಬ್ಬನಿಗೆ ಅನ್ನೋಕೆ ನಾಚಿಕೆ ಆಯ್ತು. ಅವಳು ಆ ಸೊರಗಿದ ಚೀಸ್ ಎತ್ಕೊಂಡು ನಿಟ್ಟುಸಿರು ಬಿಟ್ಲು. ಇಬ್ಬರಿಗೆ ಅಂತ ಬಂದ್ಬಿಡ್ತು ಬಾಯಲ್ಲಿ." ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ. "ಅಡುಗೇನೂ ಸುಳ್ಳು. ಅಕ್ಕ ಹೋದಾಗಿಂದ ಡಬ್ಬಿ ತಿಂತಿದೀನಿ. ಅಂಚೆಚೀಟಿನೂ ಸುಳ್ಳು, ನಾನು ಯಾರಿಗೂ ಬರೆಯೋದಿಲ್ಲ. ನಿಮ್ಮನ್ನ ನೋಡೋಕೆ ಬರ್ತಿದ್ದೆ. ಇನ್ನು ನೀವು ಹೋಗ್ಬಹುದು. ಬಾಗಿಲು ಅಲ್ಲಿದೆ."

ಹೇಳಿ ಮುಗಿಸಿ ಅವನು ಗೋಡೆಯ ಕಡೆ ತಿರುಗಿ ನಿಂತ. ಕುರ್ಚಿ ಸರಿದ ಸದ್ದು ಕೇಳಿಸಿತು. ಹೋದರು, ಮುಗಿಯಿತು ಅಂದುಕೊಂಡ. ಬಾಗಿಲ ಸದ್ದು ಮಾತ್ರ ಬರಲಿಲ್ಲ. ತಿರುಗಿ ನೋಡಿದರೆ ಮಾದಾಂ ಟೋಪಿಯ ಸೂಜಿ ಬಿಚ್ಚುತ್ತಿದ್ದರು.

"ನಂಗೆ ತಮ್ಮ ಇಲ್ಲ" ಅಂದರು.

"ಆಂ?"

"ನಮ್ಮ ಯಜಮಾನ್ರು ಹೋದ್ಮೇಲೆ ಮೊದಲನೇ ಶನಿವಾರ ಪಾಸ್ಕಲೀನ್ ನನ್ನ ಮುಂದೇನೂ ಹಾಗೇ ನಿಟ್ಟುಸಿರು ಬಿಟ್ಲು. ನಂಗೂ ಬಾಯಿಗೆ ಬಂತು, ಇಬ್ಬರಿಗೆ ಅಂತ. ಯಾರು ಅಂತ ಊರೇ ಊಹೆ ಮಾಡ್ಕೊಳ್ತು, ತಮ್ಮ ಅಂತ. ನಾನು ಇಲ್ಲ ಅನ್ಲಿಲ್ಲ. ವರ್ಷಗಟ್ಟಲೆ ಆಯ್ತು, ಅವನನ್ನ ಯಾರೂ ನೋಡೇ ಇಲ್ಲ ಅನ್ನೋದು ಯಾರಿಗೂ ಹೊಳೀಲಿಲ್ಲ. ಅರ್ಧ ನಾನು ತಿಂದು ಅರ್ಧ ಬೆಕ್ಕಿಗೆ ಹಾಕ್ತೀನಿ." ಆಕೆಯ ಮುಖ ಕೆಂಪಾಗಿತ್ತು. "ಆ ವಕೀಲರನ್ನ ಕಂಡಾಗೆಲ್ಲ ಮುಖ ತಿರುಗಿಸೋದು ಯಾಕೆ ಗೊತ್ತಾ? ನನ್ನ ಪಾರ್ಸಲ್ಲೂ ಎಲ್ಲಿ ಸೋರುತ್ತೋ ಅಂತ ಭಯ."

ಅನ್ಸೆಲ್ಮನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂದು ಕೆಮ್ಮು ಹತ್ತಿತು.

"ಮತ್ತೆ ಅಡುಗೆ? ನೀವು ಏನು ಮಾಡ್ಕೊಳ್ತೀರಿ ಭಾನುವಾರ?" ಅಂತ ಕೇಳಿದ.

"ಅಡುಗೆ ಮಾಡ್ತಿದ್ದಿದ್ದು ನಮ್ಮ ಯಜಮಾನ್ರು. ನಾನು ಪಕ್ಕದಲ್ಲಿ ಕೂತು ಪೇಪರ್ ಓದಿ ಹೇಳ್ತಿದ್ದೆ. ಈಗ ಸಾರ್ಡೀನ್."

"ಎಣ್ಣೇದೋ, ಟೊಮೇಟೋದೋ?"

"ಎಣ್ಣೇದು. ಟೊಮೇಟೋದು ತಿಂದ್ರೆ ಸಂಜೆವರೆಗೂ ಕೈ ವಾಸನೆ."

"ಡಬ್ಬಿ ಆಗಾಗ ತಿರುಗಿಸಿ ಇಡ್ತೀರಾ?"

"ಅಯ್ಯೋ, ಇಡ್ದೆ? ಇಲ್ದಿದ್ರೆ ಮೇಲಿನ ಮೀನು ಒಣಗಲ್ವಾ!"

ಊರಿನಲ್ಲಿ ಯಾರ ಜೊತೆಯೂ ಆಡಲಾಗದ ಮಾತು. ಇಬ್ಬರೂ ಸ್ವಲ್ಪ ಹೊತ್ತು ಡಬ್ಬಿಗಳ ಬಗ್ಗೆ ಶಾಸ್ತ್ರಚರ್ಚೆ ಮಾಡಿದರು. ಆಮೇಲೆ ಮಾದಾಂ ಮೇಜಿನ ಕಡೆ ಬೆರಳು ತೋರಿಸಿದರು. "ಮೊಟ್ಟೆ ಇದೆ. ಬೆಣ್ಣೆ ಇದೆ. ಜನ ಇದರಿಂದ ಆಮ್ಲೆಟ್ ಮಾಡ್ತಾರೆ ಅಂತ ಕೇಳಿದೀನಿ. ಹೇಗಾಗುತ್ತೆ ಅಂತ ನೋಡೋಣ್ವಾ?"

ಅನ್ಸೆಲ್ಮ್ ಮೊಟ್ಟೆ ಒಡೆದ. ಅರ್ಧ ಬಟ್ಟಲಿಗೆ ಬಿತ್ತು, ಅರ್ಧ ತೋಳಿಗೆ. ಮಾದಾಂ ಚಿಪ್ಪಿನ ಚೂರುಗಳನ್ನು ಉಗುರಿನಿಂದ ಎತ್ತಿದರು. ಬಾಣಲೆಗೆ ಬೆಣ್ಣೆ ಹಾಕಿದರು. ಅದು ಕರಗಿತು, ನೊರೆಯೆದ್ದಿತು, ಚಟಪಟ ಸದ್ದು ಮಾಡಿತು. ಇಬ್ಬರೂ ಒಲೆಯ ಮೇಲೆ ಬಗ್ಗಿ, ತಲೆಗೆ ತಲೆ ತಾಗುವಷ್ಟು ಹತ್ತಿರ ನಿಂತು ನೋಡಿದರು.

"ಈಗ ಹಾಕೋದಾ?"

"ಗೊತ್ತಿಲ್ಲ. ನೋಡಿ, ಸದ್ದು ಕಮ್ಮಿ ಆಗ್ತಿದೆ."

"ಯಾಕೆ ಕಮ್ಮಿ ಆಗುತ್ತೆ?"

"ಅದೂ ಗೊತ್ತಿಲ್ಲ ಮಾದಾಂ."

"ನಂಗೂ ಗೊತ್ತಿಲ್ಲ. ಹಾಕ್ಬಿಡಿ!"

ಹಾಕಿದ. ಅಂಚು ಕೂಡಲೇ ಗರಿಗರಿಯಾಗಿ ಮೇಲೆದ್ದಿತು, ನಡುವೆ ತುಳುಕುತ್ತಲೇ ಇತ್ತು. ಮಾದಾಂ ಈರುಳ್ಳಿ ಸೊಪ್ಪನ್ನು ಕತ್ತರಿಯಲ್ಲಿ ಕತ್ತರಿಸಿ ಉದುರಿಸಿದರು, ಪಾರ್ಸಲ್ಲಿನ ದಾರ ಕತ್ತರಿಸುವ ಅಭ್ಯಾಸವಿದ್ದ ಕೈ. ಮಗುಚಲು ಹೋದಾಗ ಆಮ್ಲೆಟ್ ಎರಡು ತುಂಡಾಯಿತು. "ಒಳ್ಳೇದೇ ಆಯ್ತು, ಹಂಚ್ಕೊಳ್ಳೋ ಕಷ್ಟ ಇಲ್ಲ" ಅಂದರು ಮಾದಾಂ. ಮೂಲಂಗಿಗೆ ಬೆಣ್ಣೆ ಸವರಿ, ಉಪ್ಪಿನಲ್ಲಿ ಅದ್ದಿ, ಕಟಕಟ ಕಡಿಯುತ್ತಾ ಇಬ್ಬರೂ ತಿಂದರು. ಅನ್ಸೆಲ್ಮ್ ಆಮ್ಲೆಟ್ ಬಾಯಿಗಿಟ್ಟ. ತಿಂಗಳುಗಳ ಮೇಲೆ ಅವನ ನಾಲಿಗೆಗೆ ಬಿಸಿಯಾದ ಊಟ ತಾಗಿತ್ತು. ಅವನಿಗೆ ತುಂಬಾ ಸುಖವಾಯಿತು, ಅದನ್ನು ಮುಚ್ಚಿಡಲು ಅವನು ಪ್ರಯತ್ನವನ್ನೂ ಮಾಡಲಿಲ್ಲ.

ಆಗ ಬಾಗಿಲು ಬಡಿಯಿತು. ಒಂದು ಕೈಯಲ್ಲ, ಹಲವು ಕೈ.

ಹೊರಗೆ ಮೆಟ್ಟಿಲ ಮೇಲೆ ಮೆರವಣಿಗೆಯೇ ನಿಂತಿತ್ತು. ಮುಂದೆ ಕಬ್ಬಿಣದ ಪಾತ್ರೆ ಹೊತ್ತ ಮೇಯರ್, ಅವರ ಹೆಗಲ ಮೇಲಿಂದ ಇಣುಕುವ ಮೇಯರರ ಹೆಂಡತಿ, ಬಟಾಣಿ ಬಟ್ಟಲು ಹಿಡಿದ ಸೊಲಾಂಜ್, ಶತಾವರಿ ಚಿಗುರಿನ ಕಟ್ಟನ್ನು ಮೇಣದಬತ್ತಿಯಂತೆ ಎತ್ತಿ ಹಿಡಿದ ಪಾದ್ರಿ. ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ ಪಾಸ್ಕಲೀನ್. ಅವಳು ಏನನ್ನೂ ಒಯ್ದಿರಲಿಲ್ಲ. ಚೀಸ್ ಸರಿಯಾಗಿ ಹನ್ನೆರಡಕ್ಕೆ ಹದವಾಯಿತೋ ಇಲ್ಲವೋ ನೋಡಿ ಹೋಗುವುದು ತನ್ನ ಹಕ್ಕು ಅನ್ನುವ ಮುಖ ಹೊತ್ತು ಬಂದಿದ್ದಳು.

"ತೆಗಿಯಯ್ಯ ಕುರ್ತಾದ್! ತಣ್ಣಗಾಗುತ್ತೆ!" ಅಂತ ಮೇಯರ್ ಕೂಗಿದರು.

ಅನ್ಸೆಲ್ಮ್ ಅಭ್ಯಾಸಬಲದಿಂದ ಎದ್ದು ನಿಂತ. ಮೇಲಧಿಕಾರಿ ಕೂಗಿದರೆ ಗುಮಾಸ್ತ ಏಳಲೇಬೇಕಲ್ಲ. ಮಾದಾಂ ಅವನ ತೋಳು ಹಿಡಿದು ಕೂರಿಸಿದರು. ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು, ಕನ್ನಡಕ ಏರಿಸಿ, ಬಾಗಿಲನ್ನು ಒಂದು ಗೇಣು ತೆರೆದರು. ಅಷ್ಟೂ ಮೂಗುಗಳು ಆ ಒಂದು ಗೇಣಿನೊಳಗೆ ತೂರಲು ನೋಡಿದವು.

"ಕೌಂಟರ್ ಮುಚ್ಚಿದೆ" ಅಂದರು ಮಾದಾಂ.

"ಆದ್ರೆ ಮಾದಾಂ, ಕುರಿಮರಿ..."

"ನಾಳೆ ಬೆಳಿಗ್ಗೆ ಬನ್ನಿ."

"ಬಟಾಣಿ ಬಿಸಿಯಾಗಿದೆಯಮ್ಮ! ಒಳಗೇನೋ ಸೀದ ವಾಸನೆ ಬೇರೆ ಬರ್ತಿದೆ" ಅಂತ ಸೊಲಾಂಜ್ ಮೂಗೇರಿಸಿದಳು. "ಅದೇನು ಅಂತಾದ್ರೂ ಹೇಳಿ!"

"ಸಾಲಲ್ಲಿ ನಿಂತ್ಕೊಂಡು ಬನ್ನಿ" ಅಂದು ಮಾದಾಂ ಬಾಗಿಲು ಹಾಕಿ ಅಗುಳಿ ಎಳೆದರು.

ಆ ಮೆಟ್ಟಿಲ ಮೇಲೆ ನಿಂತವರಲ್ಲಿ ಈ ಕಥೆ ಹೇಳುವವನ ಹೆಂಡತಿಯೂ ಇದ್ದಳು, ಉಪ್ಪಿನ ಬಟ್ಟಲು ಹಿಡಿದು. ಅವಳು ಇವತ್ತಿಗೂ ಆ ವಾಸನೆ ಏನಿರಬಹುದೆಂದು ಯೋಚಿಸುತ್ತಾಳೆ.

ಒಳಗೆ ಮಾದಾಂ ಮತ್ತೆ ಬಂದು ಕೂತರು. ಮೆಟ್ಟಿಲಿಳಿಯುವ ಹೆಜ್ಜೆಗಳು ಬಹಳ ನಿಧಾನವಾಗಿ, ಬಹಳ ದುಃಖದಿಂದ ದೂರವಾದವು. ಅನ್ಸೆಲ್ಮ್ ತಟ್ಟೆಯಲ್ಲಿ ಉಳಿದ ಬೆಣ್ಣೆಯನ್ನು ಬ್ರೆಡ್ಡಿನ ತುಂಡಿನಿಂದ ಒರೆಸುತ್ತಿದ್ದ. ತಲೆಯೆತ್ತಲು ಅವನಿಗೆ ಇನ್ನೂ ಹೆದರಿಕೆ.

"ಅನ್ಸೆಲ್ಮ್" ಅಂದರು ಮಾದಾಂ. ಅದುವರೆಗೆ ಆಕೆ ಅವನನ್ನು ಹಾಗೆ ಕರೆದದ್ದೇ ಇಲ್ಲ. "ಮುಂದಿನ ಭಾನುವಾರ ನಮ್ಮನೇಲಿ. ಕೋಳಿ ತರ್ತೀನಿ. ಅದನ್ನ ಏನ್ ಮಾಡೋದು ಅಂತ ನಂಗೆ ಒಂಚೂರೂ ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ, ಎರ್ಮಾನ್ಸ್" ಅಂದ ಅನ್ಸೆಲ್ಮ್, ಹಿಗ್ಗಿ ಹೀರೇಕಾಯಿಯಾಗಿ.